ಪೆದ್ದ ಪರದೆ

ಗಣಿಯ ಅಂಚಿನಲ್ಲಿದ್ದ ಆ ತಗಡಿನ ಕೋಣೆಗೆ ಅಳತೆ ಕೋಣೆ ಅಂತ ಹೆಸರು. ಹೆಸರೇನೋ ಗಂಭೀರವಾಗಿತ್ತು, ಒಳಗೆ ಇದ್ದದ್ದು ಒಂದು ಮೇಜು, ಎರಡು ಕುರ್ಚಿ, ಒಂದು ಫೋನು, ಒಂದು ವಾಕಿಟಾಕಿ, ಸೈರನ್ನಿನ ಗುಂಡಿ, ಕರಕರ ಅನ್ನುವ ಒಂದು ಪ್ರಿಂಟರ್, ಮತ್ತೆ ಅಕ್ಷರ ಬಿಟ್ಟು ಬೇರೇನೂ ತೋರಿಸಲು ಬಾರದ ಒಂದು ಕಂಪ್ಯೂಟರ್ ಪರದೆ. ಕಿಟಕಿಯಿಂದ ಕೆಳಗೆ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ತೋಡಿದ ದೊಡ್ಡ ಹಳ್ಳ. ಎದುರಿಗೆ ಪೂರ್ವದ ಗೋಡೆ. ಆ ಗೋಡೆಯ ನೆತ್ತಿಯಲ್ಲಿ ಒಂದು ಬಿರುಕು ಬಿಟ್ಟಿತ್ತು. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ನಡುವೆ ತಂತಿ ಬಿಗಿದಿದ್ದರು. ಬಿರುಕು ಅಗಲವಾದರೆ ತಂತಿ ಎಳೆದುಕೊಳ್ಳುತ್ತದೆ. ಎಷ್ಟು ಎಳೆಯಿತು ಎಂಬುದನ್ನು ಅಲ್ಲಿಟ್ಟ ಪೆಟ್ಟಿಗೆಯೊಂದು ಹತ್ತು ನಿಮಿಷಕ್ಕೊಮ್ಮೆ ಮಿಲಿಮೀಟರ್ ಲೆಕ್ಕದಲ್ಲಿ ಈ ಕೋಣೆಯ ಕಂಪ್ಯೂಟರಿಗೆ ಕಳಿಸುತ್ತದೆ. ಆ ಅಂಕಿಗಳಿಂದ ಗ್ರಾಫ್ ಎಳೆದು ಕೊಡುವುದು ಗೆರೆ ಅಕ್ಕನ ಕೆಲಸ.

ಗೆರೆ ಅಕ್ಕ ಅನ್ನುವುದು ಹಳ್ಳದವರು ಇಟ್ಟ ಹೆಸರು. ವಯಸ್ಸು ನಲವತ್ತನಾಲ್ಕು, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ, ಆದರೆ ಬಂದಷ್ಟೇ ಬೇಗ ಇಳಿದುಹೋಗುವ ಸಿಟ್ಟು. ಅವಳ ತಮ್ಮ ಅವಳಿಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವನು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ಮೂಗು ಒರೆಸಿ, ಶಾಲೆಗೆ ಅಟ್ಟಿ, ಹೆಣ್ಣು ನೋಡಿ ಮದುವೆ ಮಾಡಿಸಿದವಳು ಇವಳೇ. ತನ್ನ ಮದುವೆಯ ವಿಷಯ ಆ ಗಡಿಬಿಡಿಯಲ್ಲಿ ಎಲ್ಲೋ ಬಿದ್ದುಹೋಯಿತು, ಅವಳು ಹುಡುಕಲೂ ಹೋಗಲಿಲ್ಲ. ತಮ್ಮ ಅದೇ ಗಣಿಯಲ್ಲಿ ಎಕ್ಸ್‌ಕವೇಟರ್ ಓಡಿಸುತ್ತಿದ್ದ. ಅವನ ಗಾಡಿ ನಿಲ್ಲುತ್ತಿದ್ದುದು ಪೂರ್ವದ ಗೋಡೆಯ ಬುಡದಲ್ಲೇ. ಗೋಡೆ ಬಿದ್ದರೆ ಮೊದಲು ಸಿಗುವವನು ಅವನು. ಇದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಮನೆಯಲ್ಲಿ ಮಾತ್ರ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಮೊದಲು ಕೋಣೆಯಲ್ಲಿ ಒಳ್ಳೆಯ ಬಣ್ಣದ ಪರದೆಯೇ ಇತ್ತು. ಕೇಂದ್ರ ಕಚೇರಿಗೆ ದೊಡ್ಡ ಮನುಷ್ಯರು ಬರುತ್ತಾರೆ, ಅವರಿಗೆ ತೋರಿಸಬೇಕು ಅಂತ ಅದನ್ನು ಕಂಪ್ಯೂಟರ್ ಸಮೇತ ಹೊತ್ತುಕೊಂಡು ಹೋದರು. ದೊಡ್ಡ ಮನುಷ್ಯರು ಬಂದರು, ಕೈಕುಲುಕಿದರು, ಹೋದರು. ಪರದೆ ಮಾತ್ರ ವಾಪಸ್ ಬರಲಿಲ್ಲ. ಅದರ ಬದಲು ಉಗ್ರಾಣದ ಮೂಲೆಯಿಂದ ಧೂಳು ಒರೆಸಿ ಕಳಿಸಿದ್ದು ಈ ಕಪ್ಪು ಪರದೆ. ಅಡ್ಡಕ್ಕೆ ಎಂಬತ್ತು ಅಕ್ಷರ, ಮೇಲಿಂದ ಕೆಳಕ್ಕೆ ಇಪ್ಪತ್ತನಾಲ್ಕು ಸಾಲು, ಅಷ್ಟೇ ಅದರ ಪ್ರಪಂಚ. ಮೊದಲ ದಿನ ಗ್ರಾಫ್ ಎಳೆ ಅಂದರೆ, ಚಿತ್ರ ತೋರಿಸಲು ಪರದೆಯೇ ಸಿಗುತ್ತಿಲ್ಲ ಅಂತ ಸಾಫ್ಟ್‌ವೇರು ಕೈ ಎತ್ತಿಬಿಟ್ಟಿತು. ಗೆರೆ ಅಕ್ಕ ಮೂರು ದಿನ ಅದರ ಸಹಾಯದ ಪುಟಗಳನ್ನೆಲ್ಲ ತಡಕಾಡಿ ಕೊನೆಗೂ ಒಂದು ದಾರಿ ಹುಡುಕಿದಳು. ಬರೀ ಅಕ್ಷರದ ಪರದೆಯಿದ್ದರೆ ಗ್ರಾಫನ್ನು ನಕ್ಷತ್ರದ ಗುರುತುಗಳನ್ನು ಸಾಲಾಗಿಟ್ಟು ಬಿಡಿಸುವ ಏರ್ಪಾಡು ಅದರಲ್ಲಿತ್ತು. ಸಾಫ್ಟ್‌ವೇರು ಬರೆದ ಪುಣ್ಯಾತ್ಮರು ಇಂಥ ಪರದೆಗೆ ಇಟ್ಟ ಹೆಸರು ‘ಪೆದ್ದ’ ಅಂತ. ನಿನ್ನ ಪರದೆ ಯಾವುದು ಎಂಬಲ್ಲಿ ಪೆದ್ದ ಅಂತ ಬರೆದರೆ ಗೆರೆ ಬರುತ್ತಿತ್ತು. ಇದನ್ನು ಕೇಳಿ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನದಿಂದ ಇಡೀ ಹಳ್ಳಕ್ಕೆ ಅದು ಪೆದ್ದನೇ ಆಯಿತು.

ಪೆದ್ದ ಎಳೆದ ಗೆರೆಯನ್ನು ಪ್ರಿಂಟ್ ತೆಗೆದು, ಹಳ್ಳಕ್ಕೆ ಇಳಿಯುವ ದಾರಿಯ ತಲೆಯಲ್ಲಿದ್ದ ಹಲಗೆಗೆ ಅಂಟಿಸುವುದು ಪದ್ಧತಿ. ಪಾಳಿಗೊಂದು ಹಾಳೆ. ಇಳಿಯುವವರು ಒಮ್ಮೆ ಅದರತ್ತ ಕಣ್ಣು ಹಾಯಿಸಿ ಇಳಿಯುತ್ತಿದ್ದರು. ಅಂಕಿ ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಗೆರೆ ಮಲಗಿದ್ದರೆ ಇಳಿಯುವುದು, ಗೆರೆ ಎದ್ದು ನಿಂತಿದ್ದರೆ ಇಳಿಯದಿರುವುದು. ಬರಬರುತ್ತ ಗೆರೆ ಅಕ್ಕನೂ ಅಂಕಿಗಳನ್ನು ನೋಡುವುದು ಬಿಟ್ಟಳು. ಗೆರೆಯೇ ಎಲ್ಲವನ್ನೂ ಹೇಳುತ್ತಿರುವಾಗ ಅಂಕಿಯ ಹಂಗೇಕೆ ಅನ್ನಿಸಿರಬೇಕು.

ಪೆದ್ದ ಬಂದ ಎರಡನೇ ವಾರವೇ ಒಂದು ಎಡವಟ್ಟಾಯಿತು. ಒಂದು ಬೆಳಿಗ್ಗೆ ಗೆರೆ ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲ್ಮೂಲೆಗೆ ಸರಸರ ಹತ್ತಿ ನಿಂತಿತ್ತು. ಗೆರೆ ಅಕ್ಕ ಹಿಂದೆ ಮುಂದೆ ನೋಡದೆ ಸೈರನ್ ಒತ್ತಿದಳು. ಹಳ್ಳದವರೆಲ್ಲ ಎದ್ದೆವೋ ಬಿದ್ದೆವೋ ಅಂತ ಮೇಲೆ ಓಡಿಬಂದರು. ಮಧ್ಯಾಹ್ನ ಕೇಂದ್ರ ಕಚೇರಿಯಿಂದ ಭೂವಿಜ್ಞಾನಿ ಬಂದರು. ಹಳ್ಳದವರ ಬಾಯಲ್ಲಿ ಅವರು ಕಲ್ಲು ಡಾಕ್ಟರು. ಕನ್ನಡಕ ಏರಿಸಿಕೊಂಡು ಹಾಳೆಯ ಎಡಬದಿಯ ಅಂಕಿಗಳನ್ನು ಓದಿದರು. ಗೆರೆ ಹತ್ತಿದ್ದು ಒಟ್ಟು ಅರ್ಧ ಮಿಲಿಮೀಟರು. ಬೆಳಗಿನ ಬಿಸಿಲಿಗೆ ತಂತಿ ಹಿಗ್ಗಿದರೂ ಅಷ್ಟಾಗುತ್ತದೆ. ಆ ಸಾಫ್ಟ್‌ವೇರಿನ ಸ್ವಭಾವವೇ ಹಾಗೆ, ಇದ್ದಷ್ಟನ್ನು ಪರದೆ ತುಂಬ ಎಳೆದು ಹರಡಿ ತೋರಿಸುತ್ತದೆ. ಅರ್ಧ ಮಿಲಿಮೀಟರಾದರೂ ಅರ್ಧ ಮೈಲಿಯಾದರೂ ಅದಕ್ಕೆ ಒಂದೇ.

“ಇಷ್ಟಕ್ಕೆ ಅರವತ್ತು ಚಿಲ್ಲರೆ ಜನಾನ ಮೇಲೆ ಹತ್ತಿಸಿಬಿಟ್ರಾ ತಾಯಿ?” ಅಂದರು ಕಲ್ಲು ಡಾಕ್ಟರು. ಸುತ್ತ ನಿಂತವರೆಲ್ಲ ನಕ್ಕರು.

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ತಮ್ಮ ಸೈರನ್ ಕೇಳಿದ್ದೇ ತಡ, ಗಾಡಿಯನ್ನು ಚಾಲೂ ಬಿಟ್ಟೇ ಓಡಿಬಂದಿದ್ದ. ಅದು ಇಳಿಜಾರಿನಲ್ಲಿ ತಾನಾಗಿಯೇ ಜಾರಿ ಬಂಡೆಗೆ ಗುದ್ದಿ ತೋಳು ಬಗ್ಗಿಸಿಕೊಂಡಿತ್ತು. ಇನ್ನೊಮ್ಮೆ ಗಾಡಿ ಬಿಟ್ಟು ಓಡಿದರೆ ಕೆಲಸದಿಂದ ತೆಗೆಯಲಾಗುವುದು ಅಂತ ಅವನ ಕೈಗೆ ಕಾಗದ ಕೊಟ್ಟರು. ಅಕ್ಕನದೂ ತಮ್ಮನದೂ ಅಕ್ಕಪಕ್ಕದ ಕ್ವಾರ್ಟರ್ಸು. ಆ ಸಂಜೆ ಅವನು ಬಂದು ಅವಳ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ.

“ಅಕ್ಕಾ, ನಿನಗೆ ಕೈ ಮುಗೀತೀನಿ, ಇನ್ನೊಂದು ಸಲ ಹೀಗೆ ಮಾಡಬೇಡ. ಹಳ್ಳದಲ್ಲಿ ಮುಖ ಎತ್ತೋ ಹಾಗಿಲ್ಲ. ಎಲ್ಲರೂ ಸೈರನ್ ತಮ್ಮ, ಸೈರನ್ ತಮ್ಮ ಅಂತ ಕೂಗ್ತಾರೆ.”

“ನಿನಗೆ ಜೀವ ಮುಖ್ಯವೋ ಮುಖ ಮುಖ್ಯವೋ?”

“ಎರಡೂ ಬೇಕಲ್ಲ ಅಕ್ಕಾ. ಎರಡೂ ಉಳಿಯೋ ಹಾಗೆ ಏನಾದ್ರೂ ಮಾಡು.”

ಅವಳು ಮಾಡಿದಳು. ಮರುದಿನ ಸಾಫ್ಟ್‌ವೇರಿಗೆ ಒಂದು ಸಾಲಿನ ಅಪ್ಪಣೆ ಸೇರಿಸಿದಳು: ಕೆಳಗೆ ಸೊನ್ನೆ, ಮೇಲೆ ಮೂವತ್ತು, ಇಷ್ಟರೊಳಗೇ ಎಳೆ, ನಿನ್ನ ಇಷ್ಟ ಬಂದಂತೆ ಹಿಗ್ಗಿಸಬೇಡ. ಆಮೇಲೆ ಗೆರೆ ಸಾಧುವಾಯಿತು. ಎಂಟರಲ್ಲೋ ಒಂಬತ್ತರಲ್ಲೋ ತೆಪ್ಪಗೆ ಮಲಗಿರುತ್ತಿತ್ತು. ಮೂವತ್ತರ ಆಚೆ ಹೋದದ್ದು ಪರದೆಯ ಮೇಲೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೆರೆ ಇಪ್ಪತ್ತು ಮುಟ್ಟಿದರೆ ಹಳ್ಳ ಖಾಲಿ ಮಾಡಬೇಕು ಅಂತ ನಿಯಮವೇ ಇತ್ತಲ್ಲ. ಇಪ್ಪತ್ತು ದಾಟದೆ ಮೂವತ್ತಕ್ಕೆ ಹೋಗುವುದು ಹೇಗೆ? ದಾಟುವಾಗ ತಾನು ನೋಡಿಯೇ ನೋಡುತ್ತೇನೆ. ಕಲ್ಲು ಡಾಕ್ಟರೂ ಕೇಳಿ, “ಈಗ ಬುದ್ಧಿವಂತಿಕೆ ಮಾಡಿದ್ರಿ ನೋಡಿ” ಅಂತ ಮೆಚ್ಚಿದರು. ಲೆಕ್ಕ ಸರಿಯಾಗಿಯೇ ಇತ್ತು. ವಾರದಲ್ಲಿ ಭಾನುವಾರ ಅಂತ ಒಂದು ರಜೆಯ ದಿನ ಇದೆ, ಅವತ್ತು ಯಾರೂ ನೋಡುವುದಿಲ್ಲ ಎಂಬುದೊಂದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಐದು ತಿಂಗಳು ಹೀಗೆಯೇ ನಡೆಯಿತು. ಆಮೇಲೆ ಬಂದ ಒಂದು ಭಾನುವಾರ ಬೆಳಗಿನಿಂದ ರಾತ್ರಿಯ ತನಕ ಮಳೆ ಹೊಡೆಯಿತು. ಮಧ್ಯೆ ಎರಡು ಸಲ ಕರೆಂಟು ಹೋಗಿ ಬಂತು.

ಸೋಮವಾರ ಆರೂ ಮುಕ್ಕಾಲಿಗೆ ಗೆರೆ ಅಕ್ಕ ಕೋಣೆಯ ಬೀಗ ತೆಗೆದಾಗ ಕಂಪ್ಯೂಟರು ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಹೆಸರು, ಗುಟ್ಟಿನ ಪದ ಎಲ್ಲ ಮತ್ತೆ ಕೇಳಿತು. ಪೆಟ್ಟಿಗೆಗೆ ತನ್ನದೇ ಬ್ಯಾಟರಿ ಇದ್ದುದರಿಂದ ಅದು ಅಂಕಿ ಕೂಡಿಟ್ಟುಕೊಂಡು ಕರೆಂಟು ಬಂದಾಗ ಕಳಿಸಿತ್ತು. ಅವಳು ನೋಟ್‌ಬುಕ್ ತೆರೆದು, ಅದರಲ್ಲಿದ್ದ ಏಳು ಸಾಲು ಅಪ್ಪಣೆಗಳನ್ನು ಒಂದೊಂದಾಗಿ ಹೊಡೆದಳು. ಪರದೆ ಪೆದ್ದ. ತಲೆಬರಹ ಪೂರ್ವ ಗೋಡೆ. ಹೊತ್ತು ಬೆಳಗಿನ ಆರರಿಂದ. ಅಳತೆ ಸೊನ್ನೆಯಿಂದ ಮೂವತ್ತು. ಎಳೆ.

ಚೌಕಟ್ಟು ಬಂತು. ತಲೆಬರಹ ಬಂತು. ಎಡಗಡೆ ಸೊನ್ನೆಯಿಂದ ಮೂವತ್ತರವರೆಗೆ ಅಂಕಿ ಬಂದವು. ನಡುವೆ ಮಾತ್ರ ಏನೂ ಇಲ್ಲ, ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ. ಒಂದು ನಕ್ಷತ್ರವೂ ಇರಲಿಲ್ಲ.

“ನಿನ್ನ ಮನೆ ಹಾಳಾಗ, ಸೋಮವಾರ ಬೆಳಿಗ್ಗೆಯೇ ಶುರು ಹಚ್ಕೊಂಡ್ಯಾ?” ಅಂದಳು ಪೆದ್ದನಿಗೆ.

ಫೋನು ಹೊಡೆದುಕೊಂಡಿತು. ಪಾಳಿಯ ಮೇಸ್ತ್ರಿ. “ಗೆರೆ ಅಕ್ಕ, ಜನ ನಿಂತಿದ್ದಾರೆ. ಹಾಳೆ ಎಲ್ಲಿ?”

“ಬರ್ತಾ ಇಲ್ಲ ಮೇಸ್ತ್ರಿ. ಕರೆಂಟು ಹೋಗಿತ್ತಲ್ಲ, ಪೆದ್ದ ತಲೆ ಕೆಡಿಸ್ಕೊಂಡಿದ್ದಾನೆ.”

“ಹಾಗಾದ್ರೆ ಶನಿವಾರದ ಹಾಳೆ ಮೇಲೇ ಇಳಿಸಿಬಿಡಲಾ? ಹನ್ನೊಂದರಲ್ಲಿ ಮಲಗಿದೆ ಗೆರೆ.”

ಇದೂ ಪದ್ಧತಿಯೇ. ಎಲ್ಲೂ ಬರೆದಿಟ್ಟದ್ದಲ್ಲ, ರೂಢಿಯಲ್ಲಿ ಬಂದದ್ದು. ಹೊಸ ಹಾಳೆ ತಡವಾದರೆ ಹಳೆಯ ಹಾಳೆಯ ಮೇಲೆ ಇಳಿಯುವುದು. ಈ ಐದು ತಿಂಗಳಲ್ಲಿ ನಾಲ್ಕು ಸಲ ಹಾಗಾಗಿತ್ತು, ನಾಲ್ಕು ಸಲವೂ ಪೆದ್ದನದೇ ಏನೋ ಕಿತಾಪತಿ ಆಗಿತ್ತು.

“ತೊಂದರೆ ಪರದೇದು, ಗೋಡೇದಲ್ಲ,” ಅಂದಳು ಗೆರೆ ಅಕ್ಕ. “ಇಳಿಸಿ. ಅರ್ಧ ಗಂಟೇಲಿ ಸರಿ ಮಾಡ್ತೀನಿ.”

ಈ ಮಾತನ್ನು ಅವಳು ಆಮೇಲೆ ಎಷ್ಟು ಸಲ ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡಳೋ ದೇವರಿಗೇ ಗೊತ್ತು. ಆಡಿದ ಹೊತ್ತಿನಲ್ಲಿ ಮಾತ್ರ ಅದು ದಿನದ ಮಾಮೂಲಿ ಮಾತಾಗಿತ್ತು. ಕಿಟಕಿಯಾಚೆ ಅರವತ್ತನಾಲ್ಕು ತಲೆಗಳು ಸಾಲಾಗಿ ಇಳಿದವು. ಅದರಲ್ಲೊಂದು ತಲೆ ಮೇಲೆ ತಿರುಗಿ ಕೈ ಬೀಸಿತು. ಅವಳು ಕೈ ಬೀಸಲಿಲ್ಲ, ಕೀಲಿಮಣೆಯ ಮೇಲೆ ಬಗ್ಗಿದ್ದಳು.

ಅವಳು ದಡ್ಡಿಯಾಗಿದ್ದರೆ ಬೇಗ ಸೋಲೊಪ್ಪಿಕೊಂಡು ಯಾರನ್ನಾದರೂ ಕರೆಯುತ್ತಿದ್ದಳು. ಅವಳು ಬುದ್ಧಿವಂತೆ, ಹಟಗಾತಿ, ಅಚ್ಚುಕಟ್ಟಿನವಳು. ಅದೇ ಮುಳುವಾಯಿತು. ಒಂದೊಂದಾಗಿ ತಪ್ಪು ಹುಡುಕಿಕೊಂಡು ಹೊರಟಳು. ಪೆದ್ದ ಎಂಬುದನ್ನೇ ತಪ್ಪು ಹೊಡೆದೆನೇ? ಮತ್ತೆ ಹೊಡೆದಳು. ಚೌಕಟ್ಟು ಬಂತು, ಗೆರೆ ಇಲ್ಲ. ತಂತಿಗಳೆಲ್ಲ ಗಟ್ಟಿಯಾಗಿ ಕೂತಿವೆಯೇ? ಮೇಜಿನ ಕೆಳಗೆ ನುಸುಳಿ ಒಂದೊಂದನ್ನೂ ಕಿತ್ತು ಊದಿ ಸಿಕ್ಕಿಸಿದಳು. ಚೌಕಟ್ಟು ಬಂತು, ಗೆರೆ ಇಲ್ಲ. ಪೆಟ್ಟಿಗೆಯಿಂದ ಅಂಕಿ ಬರುತ್ತಿವೆಯೇ? ಫೈಲಿನ ಗಾತ್ರ ನೋಡಿದಳು. ಹತ್ತು ನಿಮಿಷ ಕಾದು ಮತ್ತೆ ನೋಡಿದಳು. ಒಂದು ಸಾಲಿನಷ್ಟು ಬೆಳೆದಿತ್ತು. ಅಂದರೆ ಅಂಕಿ ಬರುತ್ತಿವೆ.

ಅಷ್ಟಕ್ಕೇ ಸುಮ್ಮನಾಗಲಿಲ್ಲ, ಫೈಲನ್ನೇ ತೆರೆದಳು. ಪರದೆಗೆ ಇಪ್ಪತ್ತನಾಲ್ಕು ಸಾಲು ಬಂದು ನಿಂತವು. ತಾರೀಕು, ಹೊತ್ತು, ಅಂಕಿ. ಎಂಟು ಪಾಯಿಂಟ್ ಎರಡು, ಎಂಟು ಪಾಯಿಂಟ್ ಎರಡು, ಎಂಟು ಪಾಯಿಂಟ್ ಮೂರು. ಎಲ್ಲ ಸರಿಯಾಗಿದೆ ಅಂತ ಮುಚ್ಚಿದಳು. ಅದು ತಿಂಗಳ ಫೈಲು. ಕಂಡದ್ದು ಒಂದನೇ ತಾರೀಕಿನ ಸಾಲುಗಳು. ಸೋಮವಾರದ ಸಾಲುಗಳು ಅದೇ ಫೈಲಿನ ತಳದಲ್ಲಿದ್ದವು. ಅಲ್ಲಿಗೆ ಹೋಗಲು ಒಂದೇ ಒಂದು ಕೀಲಿ ಒತ್ತಬೇಕಿತ್ತು.

ಎಂಟೂವರೆಗೆ ಕೇಂದ್ರ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದಳು. ಅಲ್ಲಿದ್ದವನು ಬಾಯಲ್ಲಿ ತಿಂಡಿ ಇಟ್ಟುಕೊಂಡೇ ಮಾತಾಡಿದ.

“ಆಫ್ ಮಾಡಿ ಆನ್ ಮಾಡಿದ್ರಾ ಮೇಡಂ?”

“ಮೂರು ಸಲ ಆಯ್ತಪ್ಪಾ.”

“ಗ್ರಾಫ್‌ನ ಫೋಟೋ ಥರ ಫೈಲ್ ಮಾಡಿ ನನಗೆ ಕಳಿಸಿ, ನೋಡ್ತೀನಿ.”

“ಇಲ್ಲಿಂದ ಕಳಿಸೋ ಲೈನೇ ಇಲ್ಲವಲ್ಲ. ಆರು ತಿಂಗಳಿಂದ ಬರೀತಾನೇ ಇದ್ದೀನಿ.”

“ಓ, ಹೌದಲ್ವಾ. ಹಾಗಾದ್ರೆ ಅದರಲ್ಲೇ ಒಂದು ಪರೀಕ್ಷೆಯ ಗೆರೆ ಇರುತ್ತೆ, ಅಲೆ ಥರದ್ದು. ಅದನ್ನ ಎಳೆದು ನೋಡಿ.”

ಅಲೆಯ ಗೆರೆ ಎಳೆದು ನೋಡಿದಳು. ಬಂತು! ನಕ್ಷತ್ರಗಳು ಏರಿ ಇಳಿದು ಏರಿ ಇಳಿದು ಮುದ್ದಾಗಿ ಕೂತಿದ್ದವು. ಅಂದರೆ ಪರದೆ ಸರಿ, ಪೆದ್ದನೂ ಸರಿ. ತಪ್ಪು ಇರುವುದು ತನ್ನ ಏಳು ಸಾಲಿನಲ್ಲೇ. ನೋಟ್‌ಬುಕ್ಕನ್ನು ಮುಖದ ಹತ್ತಿರ ತಂದು, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು, ಏಳೂ ಸಾಲನ್ನು ಮತ್ತೆ ಹೊಡೆದಳು. ಬೆಳಗಿನಿಂದ ಆರನೇ ಸಲ ಆ ಮೂವತ್ತನ್ನು ತಾನೇ ಕೈಯಾರೆ ಹೊಡೆದಳು.

ಒಂಬತ್ತೂವರೆಗೆ ವಾಕಿಟಾಕಿ ಗರಗರ ಅಂದಿತು. ತಮ್ಮ.

“ಅಕ್ಕಾ, ಪೆದ್ದ ಎದ್ನಾ, ಇನ್ನೂ ಮಲಗಿದ್ದಾನಾ?”

“ನಿನ್ನ ಕೆಲಸ ನೀನು ನೋಡ್ಕೋ ಹೋಗು.”

“ಸಿಟ್ಟಾಗಬೇಡ ಮಾರಾಯ್ತಿ. ಇಲ್ಲಿ ಮೇಲಿಂದ ಸ್ವಲ್ಪ ಮಣ್ಣು ಉದುರ್ತಾ ಇದೆ. ಮಳೆ ಬಂದಿತ್ತಲ್ಲ, ಅದಕ್ಕೇ ಇರಬೇಕು. ಗೆರೆ ಏನನ್ನುತ್ತೆ ಅಂತ ಕೇಳೋಣ ಅಂತ.”

ಅವಳ ಕಣ್ಣು ಒಂದು ಕ್ಷಣ ಸೈರನ್ನಿನ ಗುಂಡಿಯ ಕಡೆ ಹೋಯಿತು. ಮೇಜಿನ ತುದಿಯಲ್ಲೇ ಇತ್ತು. ಒತ್ತಲು ಏನು ಆಧಾರ? ಖಾಲಿ ಚೌಕಟ್ಟು ತೋರಿಸಿ ಜನರನ್ನು ಹತ್ತಿಸಲೇ? ಸೈರನ್ ತಮ್ಮ ಅಂತ ಅವನನ್ನು ಮತ್ತೆ ಕೂಗಿಸಲೇ?

“ಗೋಡೆಯಿಂದ ಸ್ವಲ್ಪ ದೂರ ಇರು,” ಅಂದಳು. “ಗೆರೆ ಬಂದ ತಕ್ಷಣ ಹೇಳ್ತೀನಿ.”

“ದೂರ ನಿಂತು ಅಗೆಯೋಕೆ ನನ್ನ ತೋಳೇನು ರಬ್ಬರ್ರಾ?” ಅಂತ ನಕ್ಕು ಇಟ್ಟುಬಿಟ್ಟ.

ಅವಳು ಮತ್ತಷ್ಟು ಅವಸರದಿಂದ ಪರದೆಗೆ ಅಂಟಿಕೊಂಡಳು. ಬೆನ್ನ ಹಿಂದೆ ಕಿಟಕಿ ಇತ್ತು, ಕಿಟಕಿಯಾಚೆ ಗೋಡೆ ಇತ್ತು. ಅವಳು ತಿರುಗಿ ನೋಡಲಿಲ್ಲ. ತಮ್ಮನನ್ನು ಕಾಯಬೇಕು ಎಂಬ ಅವಳ ಹಂಬಲವೆಲ್ಲ ಆ ಏಳು ಸಾಲಿನ ಮೇಲೆಯೇ ಸುರಿಯುತ್ತಿತ್ತು. ಈಗ ಹೊಸ ಉಪಾಯ: ಒಂದೊಂದೇ ಸಾಲು ತೆಗೆದು ನೋಡುವುದು. ತಲೆಬರಹ ತೆಗೆದಳು, ಗೆರೆ ಬರಲಿಲ್ಲ. ಚೌಕದ ಚುಕ್ಕಿಗಳನ್ನು ತೆಗೆದಳು, ಬರಲಿಲ್ಲ. ಹೊತ್ತನ್ನು ಆರರ ಬದಲು ಏಳರಿಂದ ಮಾಡಿದಳು, ಬರಲಿಲ್ಲ. ಪ್ರತಿಯೊಂದಕ್ಕೂ ಹತ್ತು ನಿಮಿಷ, ಯಾಕೆಂದರೆ ಪ್ರತಿಯೊಂದಾದ ಮೇಲೂ ಕಂಪ್ಯೂಟರನ್ನು ಮುಚ್ಚಿ ತೆರೆಯುತ್ತಿದ್ದಳು. ಅಷ್ಟು ಅಚ್ಚುಕಟ್ಟು.

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅಳತೆಯ ಸಾಲು ತೆಗೆದಳು.

ಗೆರೆ ಬಂತು. ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲ್ಮೂಲೆಯವರೆಗೆ ನಕ್ಷತ್ರಗಳ ಸಾಲು ತುಂಬಿಕೊಂಡು ನಿಂತಿತು. ಗೆರೆ ಅಕ್ಕ “ಸಿಕ್ಕಿದ್ಯಾ ಕಳ್ಳ!” ಅಂತ ಮೇಜು ತಟ್ಟಿ ನಕ್ಕೇಬಿಟ್ಟಳು. ನಾಲ್ಕು ಗಂಟೆ ಕಾಡಿದ ತಪ್ಪು ಕೈಗೆ ಸಿಕ್ಕ ಖುಷಿ ಅದು. ಆ ನಗು ಎಷ್ಟು ಹೊತ್ತಿತ್ತು ಅಂತ ಅವಳಿಗೆ ಚೆನ್ನಾಗಿ ನೆನಪಿದೆ, ಪ್ರಿಂಟರಿನ ಕಡೆ ಕೈ ಚಾಚುವಷ್ಟು ಹೊತ್ತು. ಆಮೇಲೆ ಎಡಬದಿಯ ಅಂಕಿ ಕಂಡಿತು. ಕೆಳಗೆ ಮೂವತ್ತಾರು. ಮೇಲೆ ಎಪ್ಪತ್ತೊಂದು.

ಬೆಳಿಗ್ಗೆ ಆರಕ್ಕೇ ಮೂವತ್ತಾರಿತ್ತು. ಭಾನುವಾರದ ಮಳೆಯಲ್ಲಿ ಬಿರುಕು ಇಪ್ಪತ್ತನ್ನೂ ಮೂವತ್ತನ್ನೂ ದಾಟಿ ಹೋಗಿತ್ತು. ಪೆದ್ದ ಒಂದು ಸುಳ್ಳೂ ಹೇಳಿರಲಿಲ್ಲ. ಅವಳು ಹಾಕಿಕೊಟ್ಟ ಚೌಕಟ್ಟಿನೊಳಗೆ ಎಳೆಯಲು ಏನೂ ಇರಲಿಲ್ಲ, ಅದಕ್ಕೆ ಎಳೆದಿರಲಿಲ್ಲ.

ಸೈರನ್ ಒತ್ತಿದಳು. ಒತ್ತಿದ ಬೆರಳನ್ನು ತೆಗೆಯದೆಯೇ ಇನ್ನೊಂದು ಕೈಯಲ್ಲಿ ವಾಕಿಟಾಕಿ ಎತ್ತಿಕೊಂಡು ಕೂಗಿದಳು. “ಮೇಸ್ತ್ರಿ, ಎಲ್ಲರನ್ನೂ ಹತ್ತಿಸಿ! ಎಪ್ಪತ್ತೊಂದಿದೆ! ಎಪ್ಪತ್ತೊಂದು!”

ಮೇಸ್ತ್ರಿ ಒಳ್ಳೆಯವನು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೆಳಗೆ ಜನ ದಾರಿಯ ಕಡೆ ಹೊರಟರು. ಕೆಲವರು ಓಡಿದರು, ಕೆಲವರು ಹಳೆಯದನ್ನು ನೆನೆಸಿಕೊಂಡು ಹಲ್ಲು ಕಿರಿಯುತ್ತ ನಡೆದರು, ಆದರೆ ನಡೆದರು. ಕಿಟಕಿಯ ಕಡೆ ತಿರುಗಿದಾಗ, ಗೋಡೆಯ ಬುಡದಲ್ಲಿ ತಮ್ಮನ ಹಳದಿ ಗಾಡಿ ನಿಧಾನವಾಗಿ ತೋಳು ಮಡಚಿಕೊಂಡು ತಿರುಗುತ್ತಿರುವುದು ಅವಳಿಗೆ ಕಂಡಿತು.

“ಗಾಡಿ ಬಿಟ್ಟು ಓಡೋ!”

“ಬರ್ತಾ ಇದ್ದೀನಿ ಅಕ್ಕಾ.”

“ಗಾಡಿ ಬಿಡು ಅಂತ ಹೇಳ್ತಾ ಇದ್ದೀನಿ! ಇಳಿದು ಓಡು!”

“ಹೋದ ಸಲ ಬಿಟ್ಟು ಬಂದಿದ್ದಕ್ಕೇ ಕಾಗದ ಕೊಟ್ಟಿದ್ದಾರಲ್ಲ. ಎರಡೇ ನಿಮಿಷ, ಆ ತಿರುವಿಗೆ ತಂದು ನಿಲ್ಲಿಸಿ ಬಂದುಬಿಡ್ತೀನಿ.”

“ನಾನು ಸುಳ್ಳು ಹೇಳ್ತಾ ಇಲ್ಲ ಕಣೋ. ನಿಜವಾಗ್ಲೂ ಗೆರೆ ಎದ್ದಿದೆ. ನನ್ನ ಮೇಲೆ ಆಣೆ, ಇಳಿಯೋ!”

“ನೀನು ಸುಳ್ಳು ಹೇಳ್ತೀಯ ಅಂತ ನಾನೆಲ್ಲಿ ಅಂದೆ?” ಅಂದ ತಮ್ಮ. ದನಿಯಲ್ಲಿ ಅವಳನ್ನು ಸಮಾಧಾನ ಮಾಡುವ ಧಾಟಿಯಿತ್ತು, ಚಿಕ್ಕಂದಿನಲ್ಲಿ ಅವಳು ಗದರಿದಾಗಲೂ ಹಾಗೆಯೇ ಮಾತಾಡುತ್ತಿದ್ದ. ಗಾಡಿಯ ಪಟ್ಟಿಗಳು ಕೆಸರಿನಲ್ಲಿ ತೆವಳುತ್ತಲೇ ಇದ್ದವು. ಆ ಗಾಡಿ ಎಷ್ಟು ಜೋರಾಗಿ ಓಡಿಸಿದರೂ ಮನುಷ್ಯ ನಡೆಯುವಷ್ಟೇ ಅದರ ವೇಗ.

ಗೋಡೆ ಬಿದ್ದದ್ದು ಸದ್ದಿಲ್ಲದೆ. ಅಥವಾ ಸದ್ದು ಸೈರನ್ನಿನಲ್ಲಿ ಮುಳುಗಿರಬೇಕು. ನೆತ್ತಿಯ ಭಾಗ ಮೊದಲು ಕೂತುಕೊಂಡಿತು, ಆಮೇಲೆ ನಡುಭಾಗ ಮುಂದೆ ಬಂತು. ಕೆಂಪು ಧೂಳು ಎದ್ದು ಕಿಟಕಿಯವರೆಗೆ ಬಂತು. 

ಧೂಳು ಇಳಿದಾಗ ಹಳದಿ ಬಣ್ಣ ಎಲ್ಲೂ ಇರಲಿಲ್ಲ. ತಿರುವಿಗೆ ಇನ್ನು ಮೂವತ್ತು ಹೆಜ್ಜೆ ಇತ್ತು ಅಂತ ಆಮೇಲೆ ಅಳೆದವರು ಹೇಳಿದರು. ಅವನನ್ನು ಹೊರಗೆ ತೆಗೆಯಲು ಎರಡು ದಿನ ಹಿಡಿಯಿತು. ಮಿಕ್ಕ ಅರವತ್ತಮೂರು ಜನ ಮೇಲೆ ಬಂದಿದ್ದರು. ಒಬ್ಬೊಬ್ಬರೂ ಬಂದು ಗೆರೆ ಅಕ್ಕನ ಕಾಲು ಮುಟ್ಟಿದರು. ನೀನಿಲ್ಲದಿದ್ದರೆ ನಾವೆಲ್ಲ ಹೋಗಿಬಿಡುತ್ತಿದ್ದೆವು ಅಂದರು. ಅವಳು ಕಾಲು ಹಿಂದೆ ಎಳೆದುಕೊಂಡು ಕೂತಿದ್ದಳು.

ಎಂಟನೇ ದಿನ ಮ್ಯಾನೇಜರು ಅವಳನ್ನು ಕರೆಸಿದರು. ಮೇಜಿನ ಮೇಲೆ ವರದಿ ಟೈಪಾಗಿ ಸಿದ್ಧವಿತ್ತು.

“ಪರದೆ ಕೆಟ್ಟಿದ್ದರಿಂದ ಗ್ರಾಫ್ ಕಾಣಿಸಲಿಲ್ಲ, ನೀವು ಸರಿಪಡಿಸಿದ ತಕ್ಷಣ ಸೈರನ್ ಒತ್ತಿ ಅರವತ್ತಮೂರು ಜನರನ್ನ ಉಳಿಸಿದ್ರಿ, ಅಂತ ಬರೆಸಿದ್ದೀನಿ. ಇಲ್ಲೊಂದು ಸಹಿ ಹಾಕಿಯಮ್ಮಾ.”

“ಪರದೆ ಕೆಟ್ಟಿರಲಿಲ್ಲ ಸಾರ್.”

ಮ್ಯಾನೇಜರು ಪೆನ್ನು ಕೆಳಗಿಟ್ಟರು. “ನೋಡಿ, ಪರದೆ ಕೆಟ್ಟಿತ್ತು ಅಂದ್ರೆ ಪರದೆ ಹೋಗುತ್ತೆ. ಕೆಟ್ಟಿರಲಿಲ್ಲ ಅಂದ್ರೆ ನೀವು ಹೋಗ್ತೀರಿ, ಮೇಸ್ತ್ರಿ ಹೋಗ್ತಾನೆ, ನಾನೂ ಹೋಗ್ತೀನಿ. ಹೋದವನು ವಾಪಸ್ ಬರ್ತಾನಾ?”

ಅವಳಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಸಹಿ ಹಾಕಿದಳು. ಅದೇ ಸಂಜೆ ಪರದೆಯನ್ನು ಕಿತ್ತು ಗುಜರಿಗೆ ಹಾಕಿದರು. ಬಣ್ಣದ ಹೊಸ ಪರದೆ ಮೂರೇ ದಿನದಲ್ಲಿ ಬಂತು, ಯಾರೂ ಬರೆದು ಕೇಳಿರಲಿಲ್ಲ.

ಸಹಿ ಹಾಕಿದ ದಿನ ಕತ್ತಲಾಗುವ ಮುಂಚೆ ತಮ್ಮನ ಹೆಂಡತಿ ಇವಳ ಬಾಗಿಲಿಗೆ ಬಂದಳು. ಹೆಗಲ ಮೇಲೆ ಮಗು ಅರೆನಿದ್ದೆಯಲ್ಲಿತ್ತು, ಮೂರು ತುಂಬದ ಹೆಣ್ಣುಮಗು. ಗೆರೆ ಅಕ್ಕ ಕೈ ಚಾಚಿದಳು. ಮಗುವನ್ನು ಅವಳ ಮಡಿಲಿಗೆ ಹಾಕಿ ತಮ್ಮನ ಹೆಂಡತಿ ಗೋಡೆಗೆ ಒರಗಿ ಕೂತಳು. ಎಂಟು ದಿನದಿಂದ ಅತ್ತು ಅತ್ತು ಮುಖ ಊದಿತ್ತು. ಆದರೂ ಅವಳು ಬಂದದ್ದು ಇವಳನ್ನು ಸಮಾಧಾನ ಮಾಡಲು.

“ಊಟ ಮಾಡ್ತಾ ಇಲ್ವಂತೆ ನೀವು,” ಅಂದಳು. “ಹೀಗೆ ಕೂತರೆ ಹೇಗೆ ಅತ್ತಿಗೆ? ನಿಮ್ಮ ತಪ್ಪೇನಿದೆ ಇದರಲ್ಲಿ? ಪರದೆ ಕೆಟ್ಟಿತ್ತಂತಲ್ಲ. ಮೇಸ್ತ್ರಿ ಎಲ್ಲಾ ಹೇಳಿದ್ರು. ಬೆಳಗಿನಿಂದ ಒಂದು ಗುಟುಕು ನೀರೂ ಕುಡೀದೆ ಅದನ್ನ ಸರಿ ಮಾಡೋಕೆ ಒದ್ದಾಡಿದ್ರಂತೆ.”

ಗೆರೆ ಅಕ್ಕ ಮಗುವಿನ ಬೆನ್ನು ಸವರುತ್ತಿದ್ದಳು. ಹೌದು ಅಂದುಬಿಟ್ಟರೆ ಮುಗಿಯಿತು. ಕಾಗದದ ಮೇಲೂ ಹಾಗೆಯೇ ಇದೆ, ತನ್ನ ಸಹಿಯೂ ಇದೆ. ಇವಳಿಗೂ ಅದೇ ಬೇಕು, ಅದನ್ನು ನಂಬಿಕೊಂಡೇ ಅತ್ತಿಗೆಯ ಮನೆಯ ಬಾಗಿಲಿಗೆ ಬರುವಷ್ಟು ಧೈರ್ಯ ತಂದುಕೊಂಡಿದ್ದಾಳೆ. ಗೆರೆ ಅಕ್ಕನಿಗೆ ಆ ಹೌದು ಬಾಯಿಗೆ ಬರಲಿಲ್ಲ.

“ಪರದೆ ಸರಿಯಾಗಿತ್ತು,” ಅಂದಳು. “ಮೂವತ್ತರ ಮೇಲೆ ತೋರಿಸಬೇಡ ಅಂತ ನಾನೇ ಹೇಳಿಟ್ಟಿದ್ದೆ.”

ತಮ್ಮನ ಹೆಂಡತಿಗೆ ಅರ್ಥವಾಗಲಿಲ್ಲ. ಗೆರೆ ಅಕ್ಕ ಎಲ್ಲವನ್ನೂ ಹೇಳಿದಳು, ಸೊನ್ನೆ, ಮೂವತ್ತು, ಭಾನುವಾರ, ಏಳು ಸಾಲು. ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ಕೇಳುತ್ತ ಕೇಳುತ್ತ ಅವಳು ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ಕೂತಳು.

“ಅವರು ಕೆಳಗೆ ಇಳಿಯೋ ಮುಂಚೆಯೇ ಆ ನಂಬರು ಅಲ್ಲಿತ್ತಾ?”

“ಇತ್ತು.”

“ನಿಮ್ಮ ಕಂಪ್ಯೂಟರಲ್ಲೇ?”

“ಹೂಂ.”

“ಅದನ್ನ ನೋಡೋಕೆ ಎಷ್ಟು ಹೊತ್ತು ಬೇಕಿತ್ತು ಅತ್ತಿಗೆ?”

ಗೆರೆ ಅಕ್ಕ ಲೆಕ್ಕ ಹಾಕಿದಳು. ಸುಳ್ಳು ಹೇಳಬಾರದು ಅಂತ ನಿಜವಾಗಿಯೇ ಲೆಕ್ಕ ಹಾಕಿದಳು. “ಅರ್ಧ ನಿಮಿಷ,” ಅಂದಳು.

ತಮ್ಮನ ಹೆಂಡತಿ ತಲೆಯಾಡಿಸಿದಳು. ಅಳಲಿಲ್ಲ, ಕೂಗಾಡಲಿಲ್ಲ. ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡು ಎರಡೂ ಕೈ ಮುಂದೆ ಚಾಚಿದಳು.

“ಮಗೂನ ಕೊಡಿ,” ಅಂದಳು.

“ಮಲಗಿದೆಯಲ್ಲ, ಇಲ್ಲೇ ಇರಲಿ ಬಿಡು. ಬೆಳಿಗ್ಗೆ ನಾನೇ ತಂದು ಬಿಡ್ತೀನಿ.”

“ಕೊಡಿ ಇಲ್ಲಿ.”

ಗೆರೆ ಅಕ್ಕ ಕೊಟ್ಟಳು. ನಿದ್ದೆಯಲ್ಲಿ ಮಗುವಿನ ಬೆರಳುಗಳು ಅವಳ ಕುಪ್ಪಸದ ತೋಳನ್ನು ಹಿಡಿದುಕೊಂಡಿದ್ದವು, ತಾಯಿ ಅವನ್ನು ಒಂದೊಂದಾಗಿ ಬಿಡಿಸಿದಳು. ಪಕ್ಕದ ಮನೆಯ ಬಾಗಿಲು ಹಾಕಿದ ಸದ್ದು ಬಂತು. ಆಮೇಲೆ, ಇಷ್ಟು ವರ್ಷದಲ್ಲಿ ಎಂದೂ ಹಾಕಿರದ ಒಳಗಿನ ಚಿಲಕ ಹಾಕಿದ ಸದ್ದೂ ಬಂತು.